ಈಗಲ್ ಫಾರ್ವರ್ಡ್ ಮತ್ತು ನಮ್ಮ ಇಸಿ (ಎಲೆಕ್ಟ್ರಾನಿಕ್ಸ್) ಬ್ಯಾಚ್ ಗುಂಪು, ಮೈಸೂರು

ಮಂಜ (ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ): *ಫಾರ್ವರ್ಡ್ ಆಗಿದೆ* ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಡಿಸೈನ್ ಮಾಡುವವರೇ ಎಚ್ಚರ!! ಈಗಲ್ ಸಾಫ್ಟ್‌ವೇರ್ 2026ರ ಜೂನ್ 7ಕ್ಕೆ ಬಂದ್. ನಿಮ್ಮ ಹಳೇ ಫೈಲೆಲ್ಲ ಕಸ. ಎಲ್ಲರಿಗೂ ಕಳಿಸಿ 🙏

ಸತೀಶ: ತಾರೀಖು ಸರಿ, ಉಳಿದದ್ದು ಬುರುಡೆ. ಅದರ ಮಾಲೀಕ ಕಂಪನಿ ಆಟೋಡೆಸ್ಕ್ ಇದನ್ನು 2023ರಲ್ಲೇ ಹೇಳಿತ್ತು. 6ನೇ ವರ್ಷನ್ನಿಂದ ಈಗಲ್ ಫೈಲ್ ಎಕ್ಸ್‌ಎಂಎಲ್, ಅಂದರೆ ಓದಬಹುದಾದ ಬರೀ ಅಕ್ಷರ. ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ.

ಮಂಜ: ನೋಟ್‌ಪ್ಯಾಡ್‌ನಲ್ಲಿ ಟ್ರ್ಯಾಕ್ (ಬೋರ್ಡಿನ ತಾಮ್ರದ ಗೆರೆ) ಎಳೀಲಾ? 😄 2017ರಲ್ಲಿ ಚಂದಾ ಪದ್ಧತಿ ತಂದಾಗಲೇ ಇದು ಹೀಗೇ ಆಗುತ್ತದೆ ಅಂದಿದ್ದೆ.

ವೀಣಾ: ಕೈ ಬದಲಾಗುವುದು ಹೊಸದಾ? ಈಗಲ್ ಹುಟ್ಟಿದ್ದು 1988ರಲ್ಲಿ, ಜರ್ಮನಿಯ ಕ್ಯಾಡ್‌ಸಾಫ್ಟ್‌ನಲ್ಲಿ. 2009ರಲ್ಲಿ ಪ್ರೀಮಿಯರ್ ಫಾರ್ನೆಲ್ ಕೊಂಡಿತು, 2016ರಲ್ಲಿ ಆಟೋಡೆಸ್ಕ್. ಇಂಥದ್ದೇ ಸಾಫ್ಟ್‌ವೇರ್ ಆರ್ಕ್ಯಾಡ್ 1999ರಲ್ಲಿ ಕೇಡೆನ್ಸ್ ಕಂಪನಿ ಪಾಲಾಯಿತು. ಇನ್ನೊಂದು, ಪ್ಯಾಡ್ಸ್, ಮೆಂಟರ್ ಕಂಪನಿಗೆ ಹೋಯಿತು, ಆ ಮೆಂಟರನ್ನೇ 2017ರಲ್ಲಿ ಸೀಮೆನ್ಸ್ ತೊಗೊಂಡಿತು.

ಮಂಜ: ಮದುವೆ ಮನೆಯ ಬಾಡಿಗೆ ಪಾತ್ರೆ ಥರ ಸುತ್ತುತ್ತಿವೆ.

ಸತೀಶ: ಪ್ರೋಟೆಲ್ ಮರೆತ್ರಾ? ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ನಿಕ್ ಮಾರ್ಟಿನ್ 1985ರಲ್ಲಿ ಶುರು ಮಾಡಿದ ಕಂಪನಿ. ಆಗ ಬೋರ್ಡ್ ಡಿಸೈನ್ ಅಂದರೆ ದುಬಾರಿ ವರ್ಕ್‌ಸ್ಟೇಷನ್. ಇಲ್ಲದವರು ಪ್ಲಾಸ್ಟಿಕ್ ಹಾಳೆ ಮೇಲೆ ಕಪ್ಪು ಟೇಪ್ ಅಂಟಿಸುತ್ತಾ ಕೂರಬೇಕಿತ್ತು. ಆತ ಅದನ್ನು ಮಾಮೂಲಿ ಪಿಸಿಗೆ, ಡಾಸ್ ಮೇಲೆ ತಂದ. 1991ರಲ್ಲಿ ವಿಂಡೋಸ್‌ಗೂ ಬಂತು. 2001ರಲ್ಲಿ ಕಂಪನಿಯ ಹೆಸರು ಆಲ್ಟಿಯಂ ಆಯಿತು.

ವೀಣಾ: ಅದೂ 2024ರಲ್ಲಿ ಜಪಾನಿನ ಚಿಪ್ ಕಂಪನಿ ರೆನೆಸಾಸ್ ಕೈ ಸೇರಿತು, 910 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ. ಆಫೀಸಿನಲ್ಲಿ ದಿನಾ ಬಳಸುತ್ತೇವೆ. ನಮಗೇನೂ ವ್ಯತ್ಯಾಸ ಗೊತ್ತಾಗಿಲ್ಲ.

ಮಂಜ: ನನ್ನ ತಕರಾರು ಅದೇ. ಚಿಪ್ ಮಾರುವವನೇ ಡಿಸೈನ್ ಟೂಲ್‌ಗೂ ಓನರ್. ನಾಳೆ ಲೈಬ್ರರಿಯಲ್ಲಿ (ಟೂಲ್ ಒಳಗಿನ ಬಿಡಿಭಾಗಗಳ ಪಟ್ಟಿ) ಅವನ ಚಿಪ್ಪೇ ಮೊದಲು ಬಂದರೆ?

ವೀಣಾ: ಬಂದಾಗ ಬೈಯೋಣ. ಫಾರ್ನೆಲ್ ಕೂಡ ಬಿಡಿಭಾಗ ಮಾರುವವರೇ ಅಲ್ವಾ? ಅವರ ಹತ್ತಿರ ಈಗಲ್ ಏಳು ವರ್ಷ ಇತ್ತು. ಆಗ ನೀನು ತುಟಿ ಬಿಚ್ಚಲಿಲ್ಲ.

ಮಂಜ: ಆಗ ಈ ಗುಂಪು ಇರಲಿಲ್ಲ 😄

ಅಡ್ಮಿನ್: ಭಾನುವಾರ ಕುಕ್ಕರಹಳ್ಳಿ ಕೆರೆ ವಾಕಿಗೆ ಯಾರ್ಯಾರು ಬರ್ತೀರಿ? ಹೆಸರು ಹಾಕಿ.

ಸತೀಶ: ಮಂಜ, ಕೀಕ್ಯಾಡ್ ನೋಡು, ಅದೂ ಬೋರ್ಡ್ ಡಿಸೈನ್ ಸಾಫ್ಟ್‌ವೇರೇ. 1992ರಲ್ಲಿ ಫ್ರಾನ್ಸಿನ ಜೀನ್-ಪಿಯರ್ ಶಾರಾ ಶುರು ಮಾಡಿದ್ದು. ಆಮೇಲೆ ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ಕೂಡ ಕೈಜೋಡಿಸಿತು. ಕೋಡ್ ಎಲ್ಲರ ಕೈಯಲ್ಲೂ ಇದೆ. ಯಾರೋ ಕೊಂಡು ಬೀಗ ಹಾಕುವ ಹಾಗಿಲ್ಲ. ಈಗಲ್ ಫೈಲನ್ನೂ ಓದುತ್ತದೆ.

ವೀಣಾ: ಹತ್ತು ಲೇಯರ್ (ತಾಮ್ರದ ಪದರ) ಬೋರ್ಡ್ ಅರ್ಧರಾತ್ರಿ ಕೈಕೊಟ್ಟರೆ ಫೋನ್ ಎತ್ತಲು ಯಾರಾದರೂ ಬೇಕು. ನಾವು ದುಡ್ಡು ಕೊಡುವುದು ಅದಕ್ಕೇ, ಸುಮ್ನೆ ಅಲ್ಲ.

ಮಂಜ: ನನ್ನದೆಲ್ಲ ಎರಡೇ ಲೇಯರ್ ತಾಯಿ. ಫ್ಯಾಬ್‌ನವರು (ಬೋರ್ಡ್ ತಯಾರಿಸುವವರು) ಕೇಳುವುದೂ ಗರ್ಬರ್ ಫೈಲ್, ಅಂದರೆ ಪದರಗಳ ಚಿತ್ರ ಮಾತ್ರ. ಯಾವುದರಲ್ಲಿ ಮಾಡಿದೆ ಅಂತ ಯಾರೂ ಕೇಳಲ್ಲ.

ಸತೀಶ: ಗಿರಾಕಿ ಬಂದು ಒಂದು ಕನೆಕ್ಟರ್ ಈ ಕಡೆ ಸರಿಸಿ ಅಂದರೆ? ಗರ್ಬರ್ ಇಟ್ಟುಕೊಂಡು ಪರದಾಡ್ತೀಯಾ. ಮೂಲ ಫೈಲ್ ಬೇಕೇ ಬೇಕು. ಒಂದನ್ನು ಕೀಕ್ಯಾಡ್‌ಗೆ ಹಾಕಿ ಡಿಆರ್‌ಸಿ (ಡಿಸೈನ್ ನಿಯಮ ತಪ್ಪಿದೆಯಾ ಅಂತ ನೋಡುವ ಪರೀಕ್ಷೆ) ಓಡಿಸು. ಕಾಪರ್ ಪೋರ್ (ಖಾಲಿ ಜಾಗ ತುಂಬುವ ತಾಮ್ರ) ಮತ್ತೆ ತುಂಬಿಸಿ ಹಳೇ ಗರ್ಬರ್ ಜೊತೆ ಹೋಲಿಸು.

ಮಂಜ: ಭಾನುವಾರ ಲ್ಯಾಪ್‌ಟಾಪ್ ತರ್ತೀನಿ. ಚಿಪ್ ಕಂಪನಿ ವಿಷಯ ಮಾತ್ರ ಒಪ್ಪಲ್ಲ.

ವೀಣಾ: ನೀನು ಒಪ್ಪಿದ್ದಾದರೂ ಯಾವಾಗ? ನನ್ನ ಹೆಸರು ಹಾಕಿ ಅಡ್ಮಿನ್.