ಪದ ಬೇಕಾಗಿದೆ: ‘ಇಕ್ತಿಯೊಲಿತ್’ಗೆ ಮೀನುಗಲ್ಲು ಎನ್ನಬಹುದೇ?

ಮಾನ್ಯರೇ,

ದಾವಣಗೆರೆಯ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಫಲಕವೊಂದನ್ನು ಬರೆಯುತ್ತಿದ್ದು, ಅದು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾಗಿದೆ. ಆಳಸಮುದ್ರದ ಕೆಸರಿನಲ್ಲಿ ಸಿಗುವ, ಬಹುಪಾಲು ಒಂದು ಮಿಲಿಮೀಟರಿಗಿಂತಲೂ ಸಣ್ಣದಾದ ಮೀನಿನ ಹಲ್ಲು, ಶಾರ್ಕಿನ ಚರ್ಮದ ಹುರುಪೆ, ಎಲುಬಿನ ಚೂರು ಇವೆಲ್ಲಕ್ಕೂ ಒಟ್ಟಾಗಿ ಇಕ್ತಿಯೊಲಿತ್ ಎಂಬ ಹೆಸರಿದೆ. ಗ್ರೀಕ್ ಮೂಲವನ್ನು ಹಿಡಿದು ‘ಮೀನುಗಲ್ಲು’ ಎಂದು ಬರೆದಿದ್ದೇನೆ. ‘ಮತ್ಸ್ಯಶಿಲೆ’ ಹೆಚ್ಚು ಗಂಭೀರವೆಂದು ಸಹೋದ್ಯೋಗಿಯೊಬ್ಬರ ಅಭಿಪ್ರಾಯ. ಯಾವುದು ಸರಿ?

ಚಿತ್ರದುರ್ಗದಿಂದ ಉತ್ತರ:

ಎರಡೂ ಸಲ್ಲದು. ‘ಮತ್ಸ್ಯಶಿಲೆ’ ಎಂದರೆ ಗುಡಿಯ ಕಂಬದಲ್ಲಿ ಕೆತ್ತಿದ ಮೀನು ಎಂದೇ ಜನ ತಿಳಿಯುತ್ತಾರೆ. ಸಂಸ್ಕೃತದ ‘ಮೀನ’ವೇ ದ್ರಾವಿಡ ಮೂಲದ್ದೆಂದು ಹಲವು ವಿದ್ವಾಂಸರು ಒಪ್ಪಿರುವಾಗ, ಮನೆಯ ಮೀನನ್ನು ಬಿಟ್ಟು ಮತ್ಸ್ಯವನ್ನು ಅರಸಬೇಕಾಗಿಲ್ಲ.

‘ಮೀನುಗಲ್ಲಿ’ನ ತೊಡಕು ಬೇರೆ. ಮೀನಿನ ತಲೆಯೊಳಗೆ ನಿಜವಾದ ಕಲ್ಲುಗಳೇ ಇವೆ. ಒಳಗಿವಿಯ ಆ ಮೂರು ಜೊತೆ ಕಲ್ಲುಗಳಲ್ಲಿ ಮೂಡಿದ ಉಂಗುರಗಳನ್ನು ಎಣಿಸಿ ಮೀನಿನ ವಯಸ್ಸನ್ನು ಹೇಳುತ್ತಾರೆ. ಆ ಕಿವಿಗಲ್ಲು ಕ್ಯಾಲ್ಸಿಯಂ ಕಾರ್ಬೊನೇಟಿನದು, ಹಲ್ಲು ಹುರುಪೆಗಳು ಕ್ಯಾಲ್ಸಿಯಂ ಫಾಸ್ಫೇಟಿನವು. ಈ ವ್ಯತ್ಯಾಸವೇ ಈ ಅಧ್ಯಯನದ ಬುನಾದಿ: ಸಾಗರದ ತೀರ ಆಳದಲ್ಲಿ ಕಾರ್ಬೊನೇಟಿನ ಚಿಪ್ಪುಗಳೆಲ್ಲ ಕರಗಿ ಕೆಂಪು ಜೇಡಿಯಷ್ಟೇ ಉಳಿದ ಕಡೆಯೂ ಹಲ್ಲು ಉಳಿದಿರುತ್ತದೆ. ಸುಣ್ಣದಂಶವಿರುವ ಕೆಸರನ್ನು ತೆಳುವಾದ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಕೂದಲೆಳೆಗಿಂತ ಕಿರಿದಾದ, 38 ಮೈಕ್ರಾನ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದಕ್ಕೆ ಅಲಿಜರಿನ್ ಬಣ್ಣ ಹಾಕಿದರೆ, ಬೇರೆ ಕಣಗಳ ನಡುವೆ ಹಲ್ಲುಗಳು ಕೆಂಪಗೆ ಎದ್ದು ಕಾಣುತ್ತವೆ. ಅವನ್ನು ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಆರಿಸುತ್ತಾರೆ. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದ ಬಳಿಕ ತೆರೆದ ಸಾಗರದಲ್ಲಿ ಶಾರ್ಕುಗಳಿಗಿಂತ ಉಳಿದ ಮೀನುಗಳ ಕೈ ಮೇಲಾಯಿತೆಂಬುದು ಗೊತ್ತಾದದ್ದು ಹೀಗೆ ಆರಿಸಿದ ಹಲ್ಲು ಹುರುಪೆಗಳ ಅನುಪಾತದಿಂದಲೇ.

ಇಷ್ಟು ಕಾಲ ಕರಗದೆ ಉಳಿದದ್ದೇ ಇವುಗಳ ಗುಣವಾದ್ದರಿಂದ, ಪಳೆಯುಳಿಕೆಯ ಜಾಡಿನಲ್ಲಿ ‘ಮೀನುಳಿಕೆ’ ಎನ್ನಿ. ಯಾರಾದರೂ ‘ಕಿರುಮೀನುಳಿಕೆ’ ಎಂದು ತಿದ್ದಿದರೆ ಒಪ್ಪಬೇಡಿ. ಕಿರಿದಾದದ್ದು ಉಳಿಕೆ, ಮೀನಲ್ಲ.

ದಾವಣಗೆರೆಯ ಇನ್ನೊಬ್ಬ ಸದಸ್ಯರಿಂದ:

‘ಮೀನುಳಿಕೆ’ ಎಂದರೆ ಊಟದಲ್ಲಿ ಉಳಿದ ಮೀನು ಎಂದು ಅರ್ಥವಾದೀತು. ಅಲಿಜರಿನ್, ಫಾಸ್ಫೇಟ್, ಮೈಕ್ರಾನ್ ಎಂಬುವನ್ನೆಲ್ಲ ತಾವೇ ಇದ್ದಂತೆ ಬಳಸಿರುವಾಗ, ಇಕ್ತಿಯೊಲಿತ್ ಒಂದಕ್ಕೆ ಮಾತ್ರ ಈ ಮಡಿ ಏಕೆ? ಕನ್ನಡ ಲಿಪಿಯಲ್ಲಿ ಬರೆದರೆ ಸಾಕು.

ಚಿತ್ರದುರ್ಗದಿಂದ ಮತ್ತೆ:

ಮಡಿಯ ಮಾತಲ್ಲ. ಅಲಿಜರಿನ್ ಎಂಬುದು ಒಂದು ರಾಸಾಯನಿಕದ ಹೆಸರು; ಅಂಗಡಿಯಲ್ಲಿ ಆ ಹೆಸರು ಹೇಳಿದರೇ ಸೀಸೆ ಕೈಗೆ ಬರುವುದು. ಇಕ್ತಿಯೊಲಿತ್ ಎಂಬುದೋ ಒಂದು ಗುಂಪಿನ ಹೆಸರು, ಆ ಗುಂಪಿನಲ್ಲಿರುವ ಹಲ್ಲು, ಹುರುಪೆ, ಎಲುಬು ಮೂರಕ್ಕೂ ನಮ್ಮಲ್ಲಿ ಮಾತಿದೆ. ಪಳೆಯುಳಿಕೆ ಎಂಬ ಪದವನ್ನು ಬಲ್ಲ ಶಾಲೆಯ ಮಕ್ಕಳು ಮೀನುಳಿಕೆಯನ್ನು ಊಟಕ್ಕೆ ಸೇರಿಸಲಾರರು.

ಫಲಕದ ತಲೆಬರಹ ‘ಮೀನುಳಿಕೆ’ ಎಂದಿರಲಿ. ಅದರಡಿ ‘ಕಡಲಡಿಯ ಕೆಸರಿನಲ್ಲಿ ಉಳಿದ ಮೀನಿನ ಹಲ್ಲು, ಶಾರ್ಕಿನ ಹುರುಪೆ, ಎಲುಬಿನ ಚೂರು’ ಎಂದು ಒಂದು ಸಾಲು ಬರೆಯಿರಿ. ಇಕ್ತಿಯೊಲಿತ್ ಎಂಬುದನ್ನು ಮೂರನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. ‘ಮತ್ಸ್ಯಶಿಲೆ’ಯನ್ನು ಮಾತ್ರ ಅಚ್ಚಿಗೆ ಕಳುಹಿಸಬೇಡಿ.