ರಾತ್ರಿ ಮಲ್ಪೆಗೆ ವಾಪಸು: ‘ಗೋ ಟು’ ಗೆರೆ ದ್ವೀಪದ ಮೇಲೆಯೇ ಹಾಯ್ತದೆ, ಪಾಯಿಂಟ್ ಎಲ್ಲೆಲ್ಲಿ ಹಾಕಬೇಕು?

ಪಡುಗಾಳಿ:

ನಮಸ್ಕಾರ. 28 ಅಡಿಯ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್. ಬಲೆ, ಮೀನು ಎಲ್ಲ ಸೇರಿ ಹೊರೆ ಇದ್ದಾಗ 6 ನಾಟ್ (ಗಂಟೆಗೆ 6 ನಾಟಿಕಲ್ ಮೈಲು) ಓಡ್ತದೆ. ಪ್ರೊಪೆಲ್ಲರ್ ತುದಿವರೆಗೆ ನೀರಿನಡಿ 80 ಸೆಂ.ಮೀ. ಇರುವುದು ಕೈಯಲ್ಲಿ ಹಿಡಿಯುವ ಗಾರ್ಮಿನ್ 78 ಜಿಪಿಎಸ್. ಒಳಗೆ ಸಮುದ್ರದ ಚಾರ್ಟ್ ಹಾಕಿಲ್ಲ, ಬಾಣ ಮತ್ತು ಗೆರೆ ನೋಡಿಕೊಂಡೇ ಬರಬೇಕು.

ಬಂದರಿನ ಒಂದು ಪಾಯಿಂಟ್ ಮಾತ್ರ ಮಾರ್ಕ್ ಮಾಡಿ ಇಟ್ಟದ್ದು, ಉಳಿದದ್ದೆಲ್ಲ ಬಲೆ ಬಿಡುವ ಜಾಗಗಳು. ವಾಯವ್ಯದಿಂದ ಬರುವಾಗ ‘ಗೋ ಟು’ ಒತ್ತಿದರೆ ಗೆರೆ ಸೇಂಟ್ ಮೇರೀಸ್ ದ್ವೀಪಸಾಲಿನ ಮೇಲೆಯೇ ಹಾದು ಬರ್ತದೆ. ಹಗಲಾದರೆ ಕಣ್ಣಿಗೆ ಕಾಣ್ತದೆ, ರಾತ್ರಿಗೆ ಏನು ಮಾಡುವುದು? ಎರಡನೆಯದು, ನೇರ ಪಡುವಿನಿಂದ ಬರುವಾಗ ಮೂತಿಯನ್ನು ಬಾಣಕ್ಕೆ ಸರಿಯಾಗಿ ಹಿಡಿದರೂ ದೋಣಿ ತೆಂಕಕ್ಕೆ ಬಾಗಿ ಸುತ್ತಿ ಬರ್ತದೆ, ಯಾಕೆ? ಮೂರನೆಯದು, ಸ್ನೇಹಿತರೊಬ್ಬರು ಒಂದು ಕಲ್ಲಿನ ಅಕ್ಷಾಂಶವನ್ನು ವಾಟ್ಸಾಪ್‌ನಲ್ಲಿ ‘13 20 50’ ಅಂತ ಕಳಿಸಿದ್ದಾರೆ. ಅದನ್ನು ಹಾಕಿದರೆ ಕಲ್ಲು ಇರುವ ಜಾಗಕ್ಕೂ ಪಾಯಿಂಟಿಗೂ ಅರ್ಧ ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ.

ದಿಕ್ಸೂಚಿ:

ಮೊದಲನೆಯದಕ್ಕೆ ಉತ್ತರ. ‘ಗೋ ಟು’ ನಿಮ್ಮಿಂದ ಪಾಯಿಂಟಿಗೆ ನೇರ ಗೆರೆ ಎಳೆಯುತ್ತದೆ, ಅಷ್ಟೇ. ನಡುವೆ ಕಲ್ಲಿದೆಯೋ ಮರಳಿದೆಯೋ ಅದಕ್ಕೆ ಗೊತ್ತಿಲ್ಲ. ಅದೂ ಅಲ್ಲದೆ ಒತ್ತಿದ ಜಾಗದಿಂದ ಗೆರೆ ಶುರುವಾಗುವುದರಿಂದ ಪ್ರತಿ ಸಲ ಬೇರೆಯೇ ಗೆರೆ. ನಿನ್ನೆ ಸುರಕ್ಷಿತವಾಗಿ ಬಂದದ್ದು ಇವತ್ತಿಗೆ ಖಾತ್ರಿಯಲ್ಲ. ರೂಟ್ ಹಾಗಲ್ಲ. ಅದರ ಗೆರೆಗಳು ಪಾಯಿಂಟಿನಿಂದ ಪಾಯಿಂಟಿಗೆ ಬಿಗಿದಿರುತ್ತವೆ, ಒಮ್ಮೆ ಪರಿಶೀಲಿಸಿದರೆ ಪ್ರತಿ ರಾತ್ರಿ ಅದೇ ಗೆರೆ.

ರೂಟನ್ನು ಯಂತ್ರದಲ್ಲಿ ಹಾಕುವ ಮೊದಲು ಕಾಗದದಲ್ಲಿ ಹಾಕಿ. ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಮುದ್ರಿಸುವ ಚಾರ್ಟ್‌ಗಳಲ್ಲಿ ಮಲ್ಪೆ ಭಾಗದ್ದನ್ನು ತರಿಸಿಕೊಳ್ಳಿ. ಮೊಬೈಲಿನ ಉಪಗ್ರಹ ಚಿತ್ರದಲ್ಲಿ ದ್ವೀಪ ಕಾಣುತ್ತದೆ, ನೀರಿನಡಿಯ ಕಲ್ಲು ಕಾಣುವುದಿಲ್ಲ. ಅದನ್ನು ನಂಬಿ ಗೆರೆ ಎಳೆಯಬೇಡಿ.

ಪೆನ್ಸಿಲ್ ಹಿಡಿದು ಮೊದಲು ಅಪಾಯಗಳನ್ನು ಗುರುತಿಸಿ, ದಾರಿ ಆಮೇಲೆ. ಪ್ರತಿ ದ್ವೀಪ, ಪ್ರತಿ ಕಲ್ಲು, ಮೂರು ಮಾರಿಗಿಂತ (ಸುಮಾರು 5.4 ಮೀಟರ್) ಕಡಿಮೆ ಆಳದ ಜಾಗ, ಇವುಗಳ ಅಂಚಿನಿಂದ 0.25 ನಾಟಿಕಲ್ ಮೈಲು (ಇಲ್ಲಿ ಮೈಲು ಅಂದರೆಲ್ಲ ಇದೇ) ಬಿಟ್ಟು ಸುತ್ತುಗೆರೆ ಹಾಕಿ. ದಾರಿಯ ಗೆರೆ ಈ ಸುತ್ತುಗೆರೆಗಳ ಒಳಗೆ ಹೋಗಕೂಡದು. 0.25 ಯಾಕೆಂದರೆ, 6 ನಾಟ್‌ನಲ್ಲಿ ದೋಣಿ ಒಂದು ನಿಮಿಷಕ್ಕೆ 185 ಮೀಟರ್, ಅಂದರೆ ಸರಿಯಾಗಿ 0.1 ಮೈಲು ಹೋಗುತ್ತದೆ. ದಾರಿ ತಪ್ಪಿದ ಅಲಾರಂ 0.1ಕ್ಕೆ ಹೊಡೆಯಿತು ಅಂತಿಟ್ಟುಕೊಳ್ಳಿ. ಬಲೆ ಎತ್ತಿಡುತ್ತಿರುವವರು ಅದನ್ನು ಕೇಳಿ ಚುಕ್ಕಾಣಿ ಹಿಡಿಯುವಷ್ಟರಲ್ಲಿ ಇನ್ನೊಂದು 0.1 ಹೋಯಿತು. ಉಳಿದ 0.05 ಜಿಪಿಎಸ್ ಮತ್ತು ಚಾರ್ಟಿನ ತಪ್ಪಿಗೆ.

ನೀವು ಬರುವ ದಿಕ್ಕಿಗೆ ಮೂರು ಪಾಯಿಂಟ್ ಸಾಕು: ಒಂದು ದ್ವೀಪಸಾಲಿನ ಪಡುವಿಗೆ ತೆರೆದ ನೀರಿನಲ್ಲಿ, ಎರಡನೆಯದು ಸಾಲನ್ನು ದಾಟಿ ಮೂಡಕ್ಕೆ ತಿರುಗುವ ಜಾಗದಲ್ಲಿ, ಮೂರನೆಯದು ಬಂದರಿನ ಬಾಯಿಯಿಂದ ಅರ್ಧ ಮೈಲು ಹೊರಗೆ. ದ್ವೀಪಗಳ ನಡುವಿನ ಸಂದಿಯಲ್ಲಿ ರಾತ್ರಿ ಬರುವ ಯೋಚನೆಯೇ ಬೇಡ.

ಬಾಯ್ (ತೇಲುಗುರುತು), ಕಲ್ಲು, ಬ್ರೇಕ್‌ವಾಟರ್ (ಅಲೆತಡೆ ಗೋಡೆ) ತುದಿ, ಇವುಗಳ ಮೇಲೆ ರೂಟಿನ ಪಾಯಿಂಟ್ ಹಾಕಲೇಬಾರದು. ಈಗಿನ ಜಿಪಿಎಸ್ ಐದಾರು ಮೀಟರಿನೊಳಗೆ ಕರೆದೊಯ್ಯುತ್ತದೆ, ನೇರ ಹೋಗಿ ಗುದ್ದುತ್ತೀರಿ. ಕಲ್ಲುಗಳನ್ನು ಬೇರೆಯಾಗಿ ‘ಡಿ1’, ‘ಡಿ2’ ಎಂದು ಹೆಸರಿಟ್ಟು, ಹತ್ತಿರ ಬಂದರೆ ಕೂಗುವ ಪ್ರಾಕ್ಸಿಮಿಟಿ ಅಲಾರಂ ಹಾಕಿ. ರೂಟಿನ ಪಾಯಿಂಟುಗಳಿಗೆ ‘ಎಂ1’, ‘ಎಂ2’. ಅಪಾಯಕ್ಕೂ ದಾರಿಗೂ ಒಂದೇ ಥರದ ಹೆಸರು ಇದ್ದರೆ ಕತ್ತಲಲ್ಲಿ ಬೆರಳು ತಪ್ಪುತ್ತದೆ.

ಅಂಕಿ ಒತ್ತಿದ ಮೇಲೆ ಬಿಡಬಾರದ ಕೆಲಸ: ಯಂತ್ರ ತೋರಿಸುವ ಪ್ರತಿ ತುಂಡಿನ ದೂರ ಮತ್ತು ದಿಕ್ಕನ್ನು ಚಾರ್ಟಿನಲ್ಲಿ ಡಿವೈಡರ್‌ನಿಂದ ಅಳೆದದ್ದಕ್ಕೆ ಹೋಲಿಸಿ. ಮೈಲು ಅಳೆಯುವುದು ಚಾರ್ಟಿನ ಬದಿಯ ಅಕ್ಷಾಂಶದ ಅಳತೆಪಟ್ಟಿಯಲ್ಲಿ, ಕೆಳಗಿನ ರೇಖಾಂಶದ್ದರಲ್ಲಿ ಅಲ್ಲ. ಒಂದು ಮಿನಿಟ್ ಅಕ್ಷಾಂಶ ಒಂದು ಮೈಲು. 22 ಒತ್ತುವಲ್ಲಿ 32 ಒತ್ತಿದ್ದರೆ ಹತ್ತು ಮೈಲು ತಪ್ಪು, ಅದು ಈ ಹೋಲಿಕೆಯಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಆಮೇಲೆ ಹಗಲಲ್ಲಿ ಇಡೀ ರೂಟನ್ನು ಒಮ್ಮೆ ಓಡಿಸಿ, ಆಳ ನೋಡುತ್ತಾ ಬಂದು, ಟ್ರ್ಯಾಕ್ (ಓಡಿದ ದಾರಿಯ ದಾಖಲೆ) ಉಳಿಸಿಕೊಳ್ಳಿ. ಹಗಲು ಓಡಿಸದ ರೂಟಿನಲ್ಲಿ ರಾತ್ರಿ ಬರಬೇಡಿ.

ಲಂಗರು:

ತೆಂಕಕ್ಕೆ ಬಾಗುವುದು ಯಂತ್ರದ ದೋಷ ಅಲ್ಲ ಮಾರಾಯ್ರೆ, ನೀರಿನ ಸೆಳೆತ. ನಮ್ಮ ಕರಾವಳಿಯಲ್ಲಿ ಮಳೆಗಾಲದಿಂದ ಅಕ್ಟೋಬರ್ ಆಸುಪಾಸಿನ ತನಕ ನೀರು ತೆಂಕಕ್ಕೆ ಹರಿಯುತ್ತದೆ, ನವೆಂಬರ್‌ನಿಂದ ಫೆಬ್ರವರಿ ತನಕ ಹೆಚ್ಚಾಗಿ ಬಡಗಕ್ಕೆ. ಹಾಗಾಗಿ ಆಗಸ್ಟ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಇಳಿದಾಗ ಒಂದು ಬದಿಗೆ, ಚಳಿಗಾಲದಲ್ಲಿ ಇನ್ನೊಂದು ಬದಿಗೆ ಬಾಗುವುದು ಕಾಣಬಹುದು.

ಲೆಕ್ಕ ಮಾಡಿ ನೋಡಿ. 10 ಮೈಲು ಪಡುವಿನಿಂದ 6 ನಾಟ್‌ನಲ್ಲಿ ನೇರ ಮೂಡಕ್ಕೆ ಬರ್ತಿದ್ದೀರಿ, ನೀರು 1 ನಾಟ್‌ನಲ್ಲಿ ತೆಂಕಕ್ಕೆ ಅಡ್ಡ ಎಳೆಯುತ್ತಿದೆ. ನೀವು ಮೂತಿಯನ್ನು ಸದಾ ಪಾಯಿಂಟಿಗೆ ಹಿಡಿದರೆ ದೋಣಿ ಬಿಲ್ಲಿನ ಹಾಗೆ ಬಾಗಿ ಬರುತ್ತದೆ. ಪಾಯಿಂಟಿಗೆ ಮೂರೂವರೆ ಮೈಲು ಉಳಿದಿರುವಾಗ ಬಾಗು ಅತಿ ಹೆಚ್ಚು: ಗೆರೆಯಿಂದ 0.6 ಮೈಲು, ಒಂದು ಕಿಲೋಮೀಟರಿಗಿಂತ ಜಾಸ್ತಿ. 0.25 ಮೈಲಿನ ಸುತ್ತುಗೆರೆ ಹಾಕಿ ಲಾಭವೇನು, ದೋಣಿ ಅದನ್ನು ಎಂದೋ ದಾಟಿಯಾಯಿತು. ಇಷ್ಟೆಲ್ಲ ಆಗುವಾಗಲೂ ಬಾಣ ಮಾತ್ರ ಪಾಯಿಂಟನ್ನೇ ತೋರಿಸುತ್ತಿರುತ್ತದೆ. ಎಲ್ಲ ಸರಿಯಿದೆ ಅಂತ ಅನಿಸುವುದೇ ಇದರಲ್ಲಿ ಅಪಾಯ.

ನೋಡಬೇಕಾದದ್ದು ಬಾಣ ಅಲ್ಲ, ಕ್ರಾಸ್ ಟ್ರ್ಯಾಕ್ ಎರರ್, ಅಂದರೆ ಗೆರೆಯಿಂದ ಎಷ್ಟು ಪಕ್ಕಕ್ಕೆ ಸರಿದಿದ್ದೀರಿ ಎನ್ನುವ ಅಂಕಿ. ಅದನ್ನು ಪರದೆಯಲ್ಲಿ ದೊಡ್ಡದಾಗಿ ಇಟ್ಟುಕೊಳ್ಳಿ, ಪಕ್ಕದಲ್ಲೇ ದೋಣಿ ನಿಜವಾಗಿ ಸಾಗುತ್ತಿರುವ ದಿಕ್ಕು ಮತ್ತು ಪಾಯಿಂಟಿನ ದಿಕ್ಕು. ಈ ಎರಡು ಅಂಕಿ ಒಂದೇ ಆಗುವ ತನಕ ಮೂತಿಯನ್ನು ಸೆಳೆತದ ಎದುರಿಗೆ ತಿರುಗಿಸಿ. ಮೇಲಿನ ಲೆಕ್ಕದಲ್ಲಿ ಸುಮಾರು 10 ಡಿಗ್ರಿ ಬಡಗಕ್ಕೆ, ಅಂದರೆ 090 ಬದಲು ದಿಕ್ಸೂಚಿಯಲ್ಲಿ 080 ಹಿಡಿದರೆ ಗೆರೆಯ ಮೇಲೆಯೇ ಬರುತ್ತೀರಿ. ಜಿಪಿಎಸ್ ಅಂಕಿ ಸ್ವಲ್ಪ ಕುಣಿಯುತ್ತಿರುತ್ತದೆ, ಅದರ ಹಿಂದೆ ಚುಕ್ಕಾಣಿ ಆಡಿಸಬೇಡಿ. ದಿಕ್ಸೂಚಿ ಹಿಡಿದು ಓಡಿಸಿ, ಎರಡು ನಿಮಿಷಕ್ಕೊಮ್ಮೆ ಜಿಪಿಎಸ್ ನೋಡಿ ತಿದ್ದಿಕೊಳ್ಳಿ.

ಯಂತ್ರದ ದಿಕ್ಕನ್ನು ಮ್ಯಾಗ್ನೆಟಿಕ್‌ಗೆ ಇಟ್ಟರೆ ದಿಕ್ಸೂಚಿಗೆ ಹೊಂದುತ್ತದೆ. ನಮ್ಮಲ್ಲಿ ನಿಜ ಉತ್ತರಕ್ಕೂ ಕಾಂತ ಉತ್ತರಕ್ಕೂ ಎರಡು ಡಿಗ್ರಿಗಿಂತ ಕಡಿಮೆ ಅಂತರ, ಅದರಿಂದ ದೊಡ್ಡ ತೊಂದರೆ ಇಲ್ಲ. ದಿಕ್ಸೂಚಿಯ ಪಕ್ಕ ಸ್ಪೀಕರ್, ಮೊಬೈಲ್, ಕಬ್ಬಿಣದ ಪಾನ ಇಟ್ಟರೆ ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು ತಪ್ಪುತ್ತದೆ.

ಅಕ್ಷಾಂಶ 13:

‘13 20 50’ ಕತೆ ಇಷ್ಟೇ. ಕಳಿಸಿದವರ ಯಂತ್ರದಲ್ಲಿ ಅದು 13 ಡಿಗ್ರಿ 20.50 ಮಿನಿಟ್ ಇರಬೇಕು, ನೀವು 13 ಡಿಗ್ರಿ 20 ಮಿನಿಟ್ 50 ಸೆಕೆಂಡ್ ಎಂದು ಒತ್ತಿದ್ದೀರಿ. 20.50 ಮಿನಿಟ್ ಎಂದರೆ 20 ಮಿನಿಟ್ 30 ಸೆಕೆಂಡ್. ವ್ಯತ್ಯಾಸ 20 ಸೆಕೆಂಡ್, ಅಂದರೆ 617 ಮೀಟರ್. ನಿಮಗೆ ಕಂಡ ಅಂತರ ಅದೇ. ಮೊಬೈಲಿನ ಮ್ಯಾಪ್ ಇದೇ ಜಾಗವನ್ನು 13.34167 ಎಂದು ತೋರಿಸುತ್ತದೆ, ಅದು ಮೂರನೆಯ ಥರ.

ಪೊಸಿಷನ್ ಫಾರ್ಮ್ಯಾಟನ್ನು ಡಿಗ್ರಿ ಮತ್ತು ಮಿನಿಟ್‌ನ ಮೂರು ದಶಾಂಶಕ್ಕೆ ಇಡಿ, ಚಾರ್ಟಿನ ಅಳತೆಪಟ್ಟಿಗೂ ಅದೇ ಹೊಂದುತ್ತದೆ. ಮೂರನೆಯ ದಶಾಂಶದ ಒಂದು ಅಂಕಿ ಎಂದರೆ 1.85 ಮೀಟರ್. ಬಾಯಲ್ಲಿ ಹೇಳುವಾಗಲೂ ‘ಇಪ್ಪತ್ತು ಪಾಯಿಂಟ್ ಐದು ಸೊನ್ನೆ ಸೊನ್ನೆ ಮಿನಿಟ್’ ಎಂದು ಚುಕ್ಕೆ ಸೇರಿಸಿ ಹೇಳುವ ಅಭ್ಯಾಸ ಒಳ್ಳೆಯದು. ಅವಘಡವಾಗಿ ವಿ.ಎಚ್.ಎಫ್. ರೇಡಿಯೊದ ಚಾನೆಲ್ 16ರಲ್ಲೋ ಕೋಸ್ಟ್ ಗಾರ್ಡ್‌ನ 1554ಕ್ಕೋ ಜಾಗ ಹೇಳುವಾಗ ಈ ಚುಕ್ಕೆ ಬಿಟ್ಟುಹೋದರೆ ಹುಡುಕುವವರು ಬೇರೆ ನೀರಿಗೆ ಹೋಗುತ್ತಾರೆ.

ಮ್ಯಾಪ್ ಡೇಟಮ್ (ಅಕ್ಷಾಂಶ, ರೇಖಾಂಶ ಅಳೆಯಲು ಹಿಡಿದ ಆಧಾರ) ಡಬ್ಲ್ಯೂಜಿಎಸ್ 84 ಇದೆಯಾ ನೋಡಿ. ಹಳೆಯ ಕೆಲವು ಚಾರ್ಟ್‌ಗಳು ಎವರೆಸ್ಟ್ ಡೇಟಮ್‌ನವು, ಅವುಗಳಿಂದ ತೆಗೆದ ಅಂಕಿಯನ್ನು ಹಾಗೇ ಒತ್ತಿದರೆ ನೂರು ಮೀಟರಿಗೂ ಮೀರಿ ತಪ್ಪು ಬರುತ್ತದೆ. ಚಾರ್ಟಿನ ಶೀರ್ಷಿಕೆಯ ಕೆಳಗೆ ಯಾವ ಡೇಟಮ್ ಅಂತ ಬರೆದಿರುತ್ತದೆ.

ಗಂಗೊಳ್ಳಿ ಕಡೆಯವ:

ಕೊನೆಯ ಅರ್ಧ ಮೈಲಿನ ಬಗ್ಗೆ ಯಾರೂ ಹೇಳಲಿಲ್ಲ. ಅಳಿವೆ ಬಾಗಿಲಿನಲ್ಲಿ ರೂಟಿನ ಗೆರೆ ನಂಬಬೇಡಿ. ಮರಳು ಪ್ರತಿ ಮಳೆಗಾಲದಲ್ಲಿ ಜಾಗ ಬದಲಿಸುತ್ತದೆ, ಮೇ ತಿಂಗಳಲ್ಲಿ ಉಳಿಸಿದ ಟ್ರ್ಯಾಕ್ ಆಗಸ್ಟ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಋತು ಶುರುವಾದ ಕೂಡಲೇ ಹಗಲಲ್ಲಿ, ಉಬ್ಬರ ಏರುತ್ತಿರುವಾಗ ಆಳ ನೋಡುತ್ತಾ ಹೊಸ ಟ್ರ್ಯಾಕ್ ಮಾಡಿ, ಹಳೆಯದನ್ನು ಅಳಿಸಿಬಿಡಿ. ಏರುತ್ತಿರುವಾಗ ಯಾಕೆಂದರೆ ಮರಳಿಗೆ ಕೂತರೂ ನೀರೇ ಎತ್ತುತ್ತದೆ.

ನಿಮ್ಮ ದೋಣಿಗೆ ಬೇಕಾದ ಕನಿಷ್ಠ ಆಳ: ಪ್ರೊಪೆಲ್ಲರ್ ತನಕ 0.8, ಒಂದು ಮೀಟರ್ ಅಲೆಯ ತಗ್ಗಿಗೆ ಇಳಿದಾಗ 0.5, ಮೇಲೊಂದು 0.5 ಮೀಟರ್ ಭದ್ರತೆಗೆ. ಒಟ್ಟು 1.8 ಮೀಟರ್, ಅಂದರೆ ಒಂದು ಮಾರು. ಅಷ್ಟು ಇಲ್ಲದಿದ್ದರೆ ಹೊರಗೆ ನಿಂತು ಕಾಯಿರಿ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಗೆ ಪಡುವಿನ ಅಲೆ ಬಂದರೆ ಬಾಗಿಲಿನಲ್ಲಿ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಆ ಹೊತ್ತಿಗೆ ಆಳ ಸಾಕಷ್ಟಿದ್ದರೂ ಒಳನುಗ್ಗಬಾರದು, ಹಿಂದಿನಿಂದ ಬರುವ ಅಲೆ ದೋಣಿಯನ್ನು ಅಡ್ಡ ತಿರುಗಿಸಿ ಮಗುಚುತ್ತದೆ.

ಬಾಯಿಯ ನಟ್ಟನಡುವೆ ಪಾಯಿಂಟ್ ಇಡಬೇಡಿ, ಎಲ್ಲರ ಜಿಪಿಎಸ್ಸಿನಲ್ಲೂ ಅದೇ ಇರುತ್ತದೆ. ಹೊರಗೆ ಹೋಗುವ ಟ್ರಾಲ್‌ಬೋಟ್ ಅದೇ ಚುಕ್ಕೆಗೆ ಎದುರಿಂದ ಬರುತ್ತಿರುತ್ತದೆ. ನಿಮ್ಮದನ್ನು ಬಲಬದಿಗೆ ಸರಿಸಿ. ಬಂದರಿಗೆ ದೀಪ ಇದ್ದಲ್ಲಿ ಒಳಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ದೀಪ ಒಂದು ಹೇಳಿ ಜಿಪಿಎಸ್ ಇನ್ನೊಂದು ಹೇಳಿದರೆ ಎಂಜಿನ್ ನಿಧಾನ ಮಾಡಿ, ಎರಡೂ ಹೊಂದುವ ತನಕ ಒಳಗೆ ಬರಬೇಡಿ. ತೆಂಕಣಕ್ಕೆ ಕಾಪು ದೀಪಸ್ತಂಭ ಕಾಣುವಲ್ಲಿಂದ ಕೈ ದಿಕ್ಸೂಚಿಯಲ್ಲಿ ಅದರ ದಿಕ್ಕು ಹಿಡಿದು ಚಾರ್ಟಿಗೆ ಹೋಲಿಸಿದರೆ ಜಿಪಿಎಸ್ ಸರಿ ಇದೆಯೋ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಸೆಲ್ ವಿಚಾರ: ಎರಡು ಎಎ ಸೆಲ್, ಪರದೆಯ ಬೆಳಕು ಪೂರ್ತಿ ಇಟ್ಟರೆ ಬೇಗ ಮುಗಿಯುತ್ತದೆ. ಹೊಸ ಸೆಲ್ ಎರಡು ಜೊತೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ. ಪಾಯಿಂಟ್‌ಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಒಂದು ಹಾಳೆಗೆ ಬರೆದು ಪ್ಲಾಸ್ಟಿಕ್ಕಿನೊಳಗೆ ಇಡಿ. ಪೆನ್ನಿನ ಶಾಯಿ ಉಪ್ಪುನೀರಿಗೆ ಹರಡುತ್ತದೆ.

ಪಡುಗಾಳಿ:

ಎಲ್ಲರಿಗೂ ಧನ್ಯವಾದ. ಫಾರ್ಮ್ಯಾಟ್ ಬದಲಿಸಿದೆ, ಕಲ್ಲು ಸರಿಯಾದ ಜಾಗಕ್ಕೆ ಬಂತು. ಚಾರ್ಟ್ ನೋಡಿ ಹಾಕಿದ ರೂಟ್: ಎಂ1ರಿಂದ ಎಂ2ಕ್ಕೆ 2.1 ಮೈಲು, ಅಲ್ಲಿ 70 ಡಿಗ್ರಿ ತಿರುವು, ಎಂ2ರಿಂದ ಎಂ3ಕ್ಕೆ 0.5 ಮೈಲು. ತಿರುವಿನ ಒಳಬದಿಗೆ ಒಂದು ಕಲ್ಲಿದೆ, ಎಂ2ರಿಂದ 0.25 ಮೈಲು. ದಾರಿ ತಪ್ಪಿದ ಅಲಾರಂ 0.1. ಪಾಯಿಂಟ್ ಮುಟ್ಟುವ ಮೊದಲೇ ಎಚ್ಚರ ಆಗಲಿ ಅಂತ ಮುಂದಿನ ತುಂಡಿಗೆ ಬದಲಾಗುವ ದೂರವನ್ನು 0.3 ಇಟ್ಟಿದ್ದೇನೆ. ಸರಿ ಉಂಟಾ?

ದಿಕ್ಸೂಚಿ:

0.3 ಬೇಡವೇ ಬೇಡ. ಎಂ2ಕ್ಕೆ ಮೂರು ನಿಮಿಷ ಇರುವಾಗಲೇ ಯಂತ್ರ ಎಂ3ರ ದಿಕ್ಕು ತೋರಿಸಲು ಶುರುಮಾಡುತ್ತದೆ. ನೀವು ಆಗಲೇ ತಿರುಗಿಸಿದರೆ ಮೂಲೆ ಕತ್ತರಿಸಿ ಹೋಗುತ್ತೀರಿ. 70 ಡಿಗ್ರಿ ತಿರುವಿನಲ್ಲಿ ಹಾಗೆ ಕತ್ತರಿಸಿದ ಗೆರೆ ಎಂ2ರಿಂದ 0.21 ಮೈಲು ಒಳಗೆ ಬೀಳುತ್ತದೆ. ಕಲ್ಲು ಸರಿಯಾಗಿ ಆ ಬದಿಗೇ ಇದ್ದರೆ ನಿಮಗೂ ಅದಕ್ಕೂ ಉಳಿಯುವುದು 0.04 ಮೈಲು, 75 ಮೀಟರ್. ನಿಮ್ಮ ಓಟದಲ್ಲಿ ಅರ್ಧ ನಿಮಿಷದ ದಾರಿಯೂ ಅಲ್ಲ.

ರೂಟಿಂಗ್ ಸೆಟಿಂಗ್‌ನಲ್ಲಿ ಬದಲಾಗುವ ದೂರವನ್ನು 0.05ಕ್ಕೆ ಇಳಿಸಿ, ಅಥವಾ ಕೈಯಾರೆ ಬದಲಿಸುವಂತೆ ಇಡಿ. ಜೊತೆಗೆ ಎಂ2ವನ್ನು ಕಲ್ಲಿನಿಂದ ಇನ್ನೂ 0.2 ಮೈಲು ಹೊರಗೆ ಸರಿಸಿ. ಹೆಚ್ಚಾಗುವ ಓಟ ಕೆಲವೇ ನಿಮಿಷದ್ದು. ಸರಿಸಿದ ಮೇಲೆ ಎರಡೂ ತುಂಡುಗಳ ದೂರ, ದಿಕ್ಕು ಬದಲಾಗಿರುತ್ತವೆ, ಚಾರ್ಟಿನಲ್ಲಿ ಮತ್ತೆ ಅಳೆದು ಹೋಲಿಸಿ, ಹಾಳೆಯಲ್ಲೂ ತಿದ್ದಿ. ಆಮೇಲೆ ಹಗಲು ಓಡಿಸಿದ ಟ್ರ್ಯಾಕನ್ನು ಇಲ್ಲಿ ಹಾಕಿ, ನೋಡುವ.