ಮೀನಿನ ಟ್ಯಾಂಕಲ್ಲಿ ಬಿಳಿ ಚುಕ್ಕಿ ಶುರುವಾಗಿದೆ, ಅನುಭವ ಇರೋರು ಹೇಳಿ

ಬೆಂಗಳೂರು, 2 ಅಡಿ ಟ್ಯಾಂಕ್. 6 ಟೈಗರ್ ಬಾರ್ಬ್, 4 ಮೋಲಿ ಇದ್ವು, ಒಂದೂವರೆ ವರ್ಷದಿಂದ ಏನೂ ತೊಂದ್ರೆ ಇರ್ಲಿಲ್ಲ. ಹೋದ ಭಾನುವಾರ ಮಗಳು ಹಟ ಮಾಡಿದ್ಲು ಅಂತ ಎರಡು ಕ್ಲೌನ್ ಲೋಚ್ ತಂದು ಅವತ್ತೇ ಬಿಟ್ಟೆ. ಈಗ ಲೋಚ್ ಮೈಮೇಲೆ, ಬಾರ್ಬ್ ರೆಕ್ಕೆ ಮೇಲೆ ಪುಡಿ ಉಪ್ಪು ಉದುರಿಸಿದಂಗೆ ಚುಕ್ಕಿ, ಕಲ್ಲಿಗೆ ಮೈ ಉಜ್ಜುತಾವೆ, ಬೆಳಿಗ್ಗೆ ಒಂದು ಮೋಲಿ ಹೋಯ್ತು. ಅಂಗಡಿಯವ್ರು ಮೆಥಿಲೀನ್ ಬ್ಲೂ ಅನ್ನೋ ನೀಲಿ ಔಷಧಿ ಕೊಟ್ಟು 10 ಹನಿ ಹಾಕಿ ಅಂದ್ರು, ಹಾಕಿದೀನಿ, ನೀರು ನೀಲಿ ಆಯ್ತೇ ಹೊರತು ಚುಕ್ಕಿ ಹಂಗೇ ಇದೆ. ಡಿಸೆಂಬರ್ ಚಳಿ, ಬೆಳಿಗ್ಗೆ ನೀರು 21 ಡಿಗ್ರಿ. ಹೀಟರ್ ಇದೆ, ಹಾಕಿಲ್ಲ. ಏನ್ ಮಾಡ್ಲಿ?

ಮೈಸೂರಿಂದ:
ಸರ್, ನೀವು ಹೇಳ್ತಿರೋದು ಇಕ್ ತರಾನೇ ಇದೆ, ಅಂದ್ರೆ ವೈಟ್ ಸ್ಪಾಟ್, ಬಿಳಿ ಚುಕ್ಕಿ ರೋಗ. ಕ್ಲೌನ್ ಲೋಚ್‌ಗೆ ಇದು ಬೇಗ ಹತ್ಕೊಳುತ್ತೆ, ಅದ್ರಲ್ಲೂ ಚಳೀಲಿ ತಂದು ಸೀದಾ ಬಿಟ್ರೆ ಕೇಳೋದೇ ಬೇಡ. ಒಂದು ವಿಷಯ ಅರ್ಥ ಮಾಡ್ಕೊಂಡ್ರೆ ಮಿಕ್ಕಿದ್ದು ಸುಲಭ. ನಿಮ್ಗೆ ಕಾಣ್ತಿರೋ ಚುಕ್ಕಿ ಪರಾವಲಂಬಿ ಜೀವಿ, ಮೀನಿನ ಚರ್ಮದ ಒಳಗಡೆ ಕೂತಿರುತ್ತೆ, ಅಲ್ಲಿರೋವರೆಗೂ ಯಾವ ಔಷಧಿನೂ ಅದಕ್ಕೆ ತಾಗಲ್ಲ. ಹೊಟ್ಟೆ ತುಂಬಿದ್ಮೇಲೆ ಉದುರಿ ಕೆಳಗೆ ಜಲ್ಲಿ ಮೇಲೆ ಕೂತು ಒಂದು ಹೋಗಿ ನೂರಾರು ಆಗುತ್ತೆ, ಆ ಮರಿಗಳು ಮೀನು ಹುಡುಕ್ಕೊಂಡು ಈಜ್ತಾವಲ್ಲ, ಆಗ ಮಾತ್ರ ಉಪ್ಪಿಗೋ ಔಷಧಿಗೋ ಸಾಯೋದು. ಎರಡು ದಿನದ ಒಳಗೆ ಮೀನು ಸಿಗ್ಲಿಲ್ಲ ಅಂದ್ರೂ ಸಾಯ್ತಾವೆ. ಅದಕ್ಕೇ ಮೀನಿಗಲ್ಲ, ಟ್ಯಾಂಕಿಗೆ ಟ್ರೀಟ್‌ಮೆಂಟ್ ಕೊಡ್ಬೇಕು, ಲೋಚ್ ಎರಡನ್ನ ಬಕೆಟ್‌ಗೆ ಹಾಕಿದ್ರೆ ಮುಗೀಲಿಲ್ಲ.

ನಾನ್ ಮಾಡಿದ್ದು ಹೇಳ್ತೀನಿ. ಹೀಟರ್ ಒಂದೇ ಸಲ ಏರಿಸ್ದೆ ಎರಡು ದಿನದಲ್ಲಿ ನಿಧಾನಕ್ಕೆ 30ಕ್ಕೆ ತಂದೆ, ಬಿಸಿಗೆ ಆ ಜೀವಿಯ ಲೈಫ್ ಸೈಕಲ್ ಬೇಗ ಓಡುತ್ತೆ, 30 ಹತ್ರ ಹೋದ್ರೆ ಮರಿ ಮಾಡೋದೂ ಕಷ್ಟ ಆಗುತ್ತೆ. ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ, ಹಂಗಾಗಿ ಏರ್ ಪಂಪ್ ರಾತ್ರಿನೂ ಓಡ್ಲೇಬೇಕು. ದಿನ ಬಿಟ್ಟು ದಿನ ಪೈಪ್ ಹಾಕಿ ಜಲ್ಲಿ ಒಳಗಿನ ಕಸದ ಸಮೇತ ಕಾಲು ಭಾಗ ನೀರು ಎಳೆದೆ, ಇದನ್ನ ಮಾತ್ರ ತಪ್ಪಿಸ್ಬೇಡಿ, ಉದುರಿ ಕೂತಿದ್ದೆಲ್ಲಾ ಅಲ್ಲೇ ಇರುತ್ತೆ. ಉಪ್ಪು ಲೀಟರಿಗೆ 2 ಗ್ರಾಂ ಹಾಕಿದ್ದೆ, ಆದ್ರೆ ನಿಮ್ಮಲ್ಲಿ ಲೋಚ್ ಇರೋದ್ರಿಂದ 1 ಗ್ರಾಂನಿಂದ ಶುರು ಮಾಡಿ.

ಮಂಗಳೂರಿಂದ:
ಉಪ್ಪು ಅಂದ ಕೂಡ್ಲೇ ಸಾಂಬಾರಿಗೆ ಹಾಕಿದ ಹಾಗೆ ಕೈ ಅಳತೆಯಲ್ಲಿ ಹಾಕ್ಬೇಡಿ ಮಾರಾಯ್ರೆ. 2 ಅಡಿ ಟ್ಯಾಂಕ್ ಅಂದ್ರೆ ಲೆಕ್ಕಕ್ಕೆ 54 ಲೀಟರ್, ಕಲ್ಲು ಜಲ್ಲಿ ಕಳೆದ್ರೆ ನೀರು 45 ಇದ್ದೀತು. ಅಷ್ಟಕ್ಕೆ 45 ಗ್ರಾಂ ಕಲ್ಲುಪ್ಪು, ತೂಕ ಮಾಡಿ, ಮಗ್ಗಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಸಲ ಹಾಕಿ. ನೀರು ಬದಲಿಸಿದಾಗ ತೆಗೆದ ನೀರಿಗೆ ಎಷ್ಟೋ ಅಷ್ಟೇ ಉಪ್ಪು ವಾಪಸ್. ಆವಿಯಾಗಿ ಕಮ್ಮಿಯಾದ್ರೆ ಸಪ್ಪೆ ನೀರು ಸಾಕು, ಉಪ್ಪು ಆವಿಯಾಗುವುದಿಲ್ಲ. ನಾನು ಇದು ಗೊತ್ತಿಲ್ದೆ ಪ್ರತಿ ಸಲ ಹಾಕಿ ಹಾಕಿ ಗಿಡ ಎಲ್ಲ ಕೊಳೆಸಿದೆ.

ಧಾರವಾಡದಿಂದ:
ನೋಡ್ರಿ ಸರ, ಹೀಟರ್ ಏರಿಸೂಕಿಂತ ಮೊದ್ಲ ಮೊಬೈಲ್ ಟಾರ್ಚ್ ಹಾಕಿ ಛಲೋತ್ನಂಗ ನೋಡ್ರಿ. ನಮ್ಮನ್ಯಾಗ ಗಪ್ಪಿ ಮೈಮ್ಯಾಲೆ ಬೆಳ್ಳಗ ಕಾಣ್ತು, ಎಲ್ಲಾರೂ ಹೇಳ್ತಾರಂತ 30ಕ್ಕ ಏರಿಸಿದೆ, ಎರಡ ದಿನದಾಗ 14 ಗಪ್ಪಿ ಖಾಲಿ. ಅದು ಚುಕ್ಕಿ ರೋಗ ಅಲ್ಲ, ಕಾಲಮ್ನಾರಿಸ್ ಅನ್ನೂ ಬ್ಯಾಕ್ಟೀರಿಯಾ, ಬಾಯಿ ಸುತ್ತ ಹತ್ತಿ ಅರಳಿ ಹಚ್ಚಿದಂಗ, ಬೆನ್ನ ಮ್ಯಾಲೆ ಬೂದು ಪಟ್ಟಿ. ಬಿಸಿ ಆದಷ್ಟೂ ಅದು ಜೋರ ಆಗ್ತೈತಿ. ಒಂದೊಂದ ಕಾಳು ಬ್ಯಾರೆ ಬ್ಯಾರೆ ಕಂಡ್ರ ಇಕ್, ಅರಳಿ ಕಂಡ್ರ ಹೀಟರ್ ಮುಟ್ಟಬ್ಯಾಡ್ರಿ.

ಬೆಂಗಳೂರಿಂದ, ಇನ್ನೊಬ್ಬರು:
ಆ ನೀಲಿ ನೀರು ಮೊದ್ಲು ತೆಗೀರಿ ಬ್ರದರ್. ಮೆಥಿಲೀನ್ ಬ್ಲೂ ಬೇರೆ ಟಬ್ಬಲ್ಲಿ ಹಾಕೋಕೆ ಸರಿ, ಮೇನ್ ಟ್ಯಾಂಕಿಗೆ ಹಾಕಿದ್ರೆ ಫಿಲ್ಟರಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾನೂ ಹೋಗುತ್ತೆ, ಆಮೇಲೆ ಮೀನಿನ ಗಲೀಜಿಂದ ಬರೋ ಅಮೋನಿಯಾ ಏರಿ ಚುಕ್ಕಿಗೆ ಸಾಯ್ದೆ ಇರೋ ಮೀನು ಅದಕ್ಕೆ ಸಾಯುತ್ತೆ. ಗಾಜಿನ ಅಂಚಿನ ಸಿಲಿಕಾನ್ ನೀಲಿ ಆಗಿರುತ್ತೆ, ಅದು ಹೋಗಲ್ಲ ಬಿಡಿ. ಅರ್ಧ ನೀರು ಬದಲಿಸಿ, ಎರಡು ದಿನ ಫಿಲ್ಟರಿಗೆ ಕಾರ್ಬನ್, ಅಂದ್ರೆ ಆಕ್ಟಿವೇಟೆಡ್ ಇದ್ದಿಲು, ಹಾಕಿ, ಮುಂದೆ ಬೇರೆ ಔಷಧಿ ಹಾಕೋ ಹಂಗಿದ್ರೆ ಮೊದ್ಲು ಕಾರ್ಬನ್ ತೆಗೀರಿ, ಇಲ್ಲಾಂದ್ರೆ ಹಾಕಿದ್ದೆಲ್ಲ ಅದೇ ಹೀರ್ಕೊಳುತ್ತೆ. ಊಟ ಅರ್ಧ ಮಾಡಿ. ಇನ್ನೊಂದು, ಗಾಬರೀಲಿ ಎಲ್ಲಾ ತೊಳೆಯೋಕೆ ಹೋಗ್ಬೇಡಿ. ನಾನು ಸ್ಪಂಜನ್ನ ಕಾವೇರಿ ನಲ್ಲಿ ನೀರಲ್ಲಿ ತಿಕ್ಕಿ ತೊಳೆದೆ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಎಲ್ಲಾ ಹೋಗಿ ಹೊಸ ಟ್ಯಾಂಕ್ ಶುರು ಮಾಡಿದಂಗಾಯ್ತು, ರೋಗಕ್ಕಿಂತ ನನ್ನ ಕ್ಲೀನಿಂಗಿಗೇ ಜಾಸ್ತಿ ಮೀನು ಹೋಗಿದ್ದು.

ತೀರ್ಥಹಳ್ಳಿಯಿಂದ:
ನಮ್ಮ ಕಡೆ ಕರೆಂಟ್ ಹೋದ್ರೆ ಬರೋದು ಯಾವಾಗ್ಲೋ. ಹೀಟರ್ ನಿಂತು ನೀರು ತಣ್ಣಗಾಗಿ ಮತ್ತೆ ಬಿಸಿಯಾಗಿ, ಆ ಏರಿಳಿತಕ್ಕೇ ಮೀನು ಸುಸ್ತು. ಟ್ಯಾಂಕ್ ಮೂರು ಕಡೆ ಥರ್ಮಾಕೋಲ್ ಕಟ್ಟಿ ಮೇಲೆ ಹಳೆ ಕಂಬಳಿ ಹೊದಿಸ್ತೀನಿ, ಗಾಳಿ ಆಡೋಕೆ ಸ್ವಲ್ಪ ಜಾಗ ಬಿಟ್ಟು. ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಳಿ.

ಕೇಳಿದವರು, ಮೂರನೇ ದಿನ:
ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಹಾಕಿ ನೋಡಿದೆ, ಕಾಳು ಕಾಳೇ, ಅರಳೆ ತರ ಇಲ್ಲ. ನೀಲಿ ಹೋಯ್ತು, ಉಪ್ಪು ತೂಕ ಮಾಡಿ ಹಾಕಿದೆ, ಹೀಟರ್ 29. ಆದ್ರೆ ಚುಕ್ಕಿ ಜಾಸ್ತಿ ಆಗಿದೆ!! ಏನಾದ್ರೂ ತಪ್ಪು ಮಾಡಿದ್ನಾ?

ಮೈಸೂರಿಂದ:
ಇಲ್ಲ ಸರ್, ಹಂಗೇ ಆಗೋದು. ಬಿಸಿಗೆ ಒಳಗಿದ್ದವೆಲ್ಲ ಬೇಗ ಬೆಳೆದು ಒಟ್ಟಿಗೆ ಕಾಣ್ತಾವೆ. ಅಲ್ಲಾಡ್ಬೇಡಿ, ಔಷಧಿ ಬದಲಾಯಿಸ್ಬೇಡಿ, ನೀರು ಎಳೀತಾ ಇರಿ. ಚುಕ್ಕಿ ಪೂರ್ತಿ ಹೋದ ದಿನಾನೂ ನಿಲ್ಲಿಸ್ಬೇಡಿ, ಮೀನಿನ ಮೈಮೇಲೆ ಇಲ್ಲ ಅಂದ್ರೆ ಜಲ್ಲೀಲಿದೆ ಅಂತ ಅರ್ಥ. ಕೊನೇ ಚುಕ್ಕಿ ಕಂಡ ದಿನದಿಂದ ಇನ್ನೊಂದು ವಾರ ಎಳೀಬೇಕು. ನಾನು ಮೊದಲ್ನೇ ಸಲ ಐದನೇ ದಿನಕ್ಕೆ ನಿಲ್ಸಿ, ಹತ್ತನೇ ದಿನ ಎರಡರಷ್ಟು ನೋಡಿದೀನಿ.

ಕೇಳಿದವರು, 12ನೇ ದಿನ:
ಏಳನೇ ದಿನಕ್ಕೆ ಚುಕ್ಕಿ ಪೂರ್ತಿ ಹೋಯ್ತು. ಒಂದು ಲೋಚ್ ಉಳೀಲಿಲ್ಲ, ಇನ್ನೊಂದು ಊಟ ತಿಂತಿದೆ. ಬಾರ್ಬ್ ಆರೂ ಇವೆ, ಮೋಲಿ ಮೂರು. ಇನ್ನೆರಡು ದಿನ ಹಿಂಗೇ ಬಿಟ್ಟು ಆಮೇಲೆ ಉಪ್ಪು ತೆಗೀಬೇಕು. ಹೊಸ ಮೀನು ಯಾವಾಗ ತರಬಹುದು? ಮಗಳು ಕೇಳ್ತಿದಾಳೆ.

ಮಂಗಳೂರಿಂದ:
ಉಪ್ಪು ಒಮ್ಮೆಲೇ ತೆಗೀಬೇಡಿ, ವಾರಕ್ಕೆ ಕಾಲು ಭಾಗ ಸಪ್ಪೆ ನೀರು ಹಾಕ್ತಾ ಹೋಗಿ, ತಾನಾಗಿ ಇಳಿಯುತ್ತದೆ. ಮೀನು ಒಂದು ತಿಂಗಳು ಬಿಟ್ಟು ತನ್ನಿ, ತಂದದ್ದನ್ನು 20 ಲೀಟರಿನ ಟಬ್ಬಲ್ಲಿ ಮೂರು ನಾಲ್ಕು ವಾರ ಬೇರೆ ಇಡಿ, ಒಂದು ಸ್ಪಂಜ್ ಫಿಲ್ಟರ್ ಸಾಕು. ನಮ್ಮ ಅಂಗಡಿಗಳಿಗೆ ಎಷ್ಟೋ ಮೀನು ಚೆನ್ನೈನ ಕೊಳತ್ತೂರಿಂದ ಕವರಲ್ಲಿ ಕೂತು ಬರುವುದು, ಅಷ್ಟು ದೂರ ಬಂದು ಸುಸ್ತಾದ ಮೀನಿಗೆ ರೋಗ ಬೇಗ ಅಂಟುತ್ತದೆ. ಕವರಿನ ನೀರು ಟ್ಯಾಂಕಿಗೆ ಸುರೀಬೇಡಿ. ಮತ್ತೆ ಎರಡಕ್ಕೂ ಒಂದೇ ಬಲೆ ಬಳಸಿದ್ರೆ ಟಬ್ ಇಟ್ಟದ್ದೂ ದಂಡ, ಈಗಿರುವ ಬಲೆ ಬಿಸಿಲಿಗೆ ಹಾಕಿ ಪೂರ್ತಿ ಒಣಗಲಿ.

ಕೇಳಿದವರು:
ಬಲೆ ಟೆರೇಸ್ ಮೇಲಿದೆ. ಮಗಳಿಗೆ ಟಬ್ ಬಣ್ಣ ಗುಲಾಬೀನೇ ಆಗ್ಬೇಕಂತೆ, ಅದಕ್ಕೆ ಇವತ್ತು ಸಂಜೆ ಮಾರ್ಕೆಟ್ಟಿಗೆ.